ಸ್ಪಷ್ಟನೆ: 30 ಗಂಟೆ ವರ್ಷಕ್ಕಲ್ಲ, ಐದು ವರ್ಷಕ್ಕೆ

‘ವೈದ್ಯರು ಪ್ರತಿ ವರ್ಷ 30 ಗಂಟೆ ಸಿಎಂಇ (ನಿರಂತರ ವೈದ್ಯಕೀಯ ಶಿಕ್ಷಣ) ಮುಗಿಸಬೇಕು, ಇಲ್ಲದಿದ್ದರೆ ನೋಂದಣಿ ರದ್ದು, ಇದು 2023ರ ಹೊಸ ನಿಯಮ’ ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿಯ 1.2.3ರಲ್ಲಿರುವುದು ಐದು ವರ್ಷಕ್ಕೆ ಕನಿಷ್ಠ 30 ಗಂಟೆ. ಅಂದರೆ ವರ್ಷಕ್ಕೆ ಆರು ಗಂಟೆಯ ಲೆಕ್ಕ. ಆ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿದು, 2002ರದ್ದನ್ನೇ ಮತ್ತೆ ಜಾರಿಗೆ ತರಲಾಯಿತು.

ವರ್ಷಕ್ಕೆ 30 ಎಂಬ ಅಂಕಿ ಬಹುಶಃ ನರ್ಸಿಂಗ್ ಕಡೆಯಿಂದ ನುಸುಳಿದ್ದು. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ನೋಂದಣಿ ನವೀಕರಣಕ್ಕೆ ಐದು ವರ್ಷದಲ್ಲಿ 150 ಗಂಟೆ ಬೇಕು. ಐದರಿಂದ ಭಾಗಿಸಿದರೆ ವರ್ಷಕ್ಕೆ 30.

ಇಂಥ ಬೆದರಿಕೆ ಸಂದೇಶದಿಂದ ಆಗುವ ಕೆಡುಕು ಬೇರೆಯೇ ಇದೆ. ಹೆದರಿದವರು ಸಿಕ್ಕ ವೆಬಿನಾರ್‌ಗೆಲ್ಲ ಲಾಗಿನ್ ಆಗಿ, ಮ್ಯೂಟ್ ಮಾಡಿ, ಪ್ರಮಾಣಪತ್ರ ಇಳಿಸಿಕೊಳ್ಳುತ್ತಾರೆ. ವಾರ್ಡಿನಲ್ಲಿ ಉತ್ತರ ಸಿಗದ ಒಂದು ಪ್ರಶ್ನೆ, ಉದಾಹರಣೆಗೆ ಮೂತ್ರಪಿಂಡ ಸೋತ ರೋಗಿಗೆ ಆ್ಯಂಟಿಬಯೋಟಿಕ್ ಪ್ರಮಾಣ ಎಷ್ಟು ಇಳಿಸಬೇಕು ಎಂಬುದು, ಕಲಿಯಲು ಹಚ್ಚುವಷ್ಟು ಗಡುವು ಹಚ್ಚುವುದಿಲ್ಲ. (ಗಡುವಿನಿಂದ ಹಾಜರಾತಿಯಂತೂ ಏರುತ್ತದೆ!)

ಪ್ರಮಾಣಪತ್ರ ಕೈಗೆ ಬಂದಾಗ ಅದರಲ್ಲಿ ಪರಿಷತ್ತು ಮಂಜೂರು ಮಾಡಿದ ಕ್ರೆಡಿಟ್ ಗಂಟೆ ನಮೂದಾಗಿದೆಯೇ ನೋಡಿ. ಬರೀ ‘ಭಾಗವಹಿಸಿದರು’ ಎಂದಿದ್ದರೆ ಆಯೋಜಕರನ್ನು ಆಗಲೇ ಕೇಳಿ. ಹೆಸರು, ನೋಂದಣಿ ಸಂಖ್ಯೆ ದಾಖಲೆಯಲ್ಲಿದ್ದಂತೆಯೇ ಇರಲಿ. ನವೀಕರಣದ ಕ್ರಮಕ್ಕೆ ನಿಮ್ಮ ರಾಜ್ಯ ಪರಿಷತ್ತಿನ ಸೂಚನೆಯನ್ನೇ ನೋಡಿ.

ಹಳೆಯ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.