ಹಸಿರಾಗಿದೆಯಲ್ಲ, ಇನ್ನೆಲ್ಲಿಯ ಬರ?

2023ರ ಅಕ್ಟೋಬರ್‌ನಲ್ಲಿ ಪಾವಗಡದ ಕಡೆ ಇರುವ ನಮ್ಮ ಸೋದರಮಾವನ ಊರಿಗೆ ಹೋಗಿದ್ದೆ. ಬಸ್ಸಿಳಿದು ನೋಡಿದರೆ ಕಡಲೇಕಾಯಿ ಹೊಲ ಹಸಿರಾಗಿದೆ. ಪೇಪರಿನಲ್ಲಿ ಮಾತ್ರ ದಿನಾ ಬರ, ಬರ. ‘ಏನ್ ಮಾವ, ಬೆಳೆ ಚೆನ್ನಾಗೇ ಇದೆಯಲ್ಲ?’ ಅಂದೆ.

ಮಾವ ಮಾತಾಡಲಿಲ್ಲ. ಬಗ್ಗಿ ಒಂದು ಗಿಡ ಕಿತ್ತು, ಮಣ್ಣು ಕೊಡವಿ, ನನ್ನ ಕೈಗಿಟ್ಟರು. ಬೇರಿನಲ್ಲಿ ಮೂರೇ ಕಾಯಿ. ಒಂದನ್ನು ಒತ್ತಿದೆ, ಪುಸ್ ಅಂತು. ಒಳಗೆ ಬೀಜವೇ ಇಲ್ಲ. ಇನ್ನೊಂದೂ ಜೊಳ್ಳು. ಮೂರನೆಯದನ್ನು ಒತ್ತುವ ಧೈರ್ಯ ಬರಲಿಲ್ಲ.

‘ದನ ತಿಂತವೆ ಬಿಡು ಅಳಿಯ. ಈ ವರ್ಷ ಅವಕ್ಕೇ ಒಳ್ಳೇ ಬೆಳೆ.’

ಇದಕ್ಕೆ ಒಂದು ಹೆಸರಿದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಹಸಿರು ಬರ. ನಮ್ಮ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಆಗ ದಿಲ್ಲಿಯಿಂದ ಬಂದ ತಂಡಕ್ಕೆ ಇದನ್ನೇ ವಿವರಿಸುತ್ತಿದ್ದರು. ಗಿಡ ಹಸಿರಾಗಿ ಕಾಣುತ್ತೆ, ಫಸಲು ಮಾತ್ರ ಇಲ್ಲ ಅಂತ. ಮಘೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು ಅಂತಾರೆ. ಆ ವರ್ಷದ ಆಗಸ್ಟ್‌ನಲ್ಲಿ ಮನೆಮಗ ಊಟದ ಹೊತ್ತಿಗೆ ಪತ್ತೆಯೇ ಇಲ್ಲ. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೇ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಆಮೇಲೆ ಸೆಪ್ಟೆಂಬರ್‌ನಲ್ಲಿ ಒಂದಿಷ್ಟು ಹನಿದು ಎಲೆಗೆ ಬಣ್ಣ ಹಚ್ಚಿ ಹೋಯಿತು.

ಮಳೆ ಬಾರದಿದ್ದರೆ ಬರ ಅಂತ ಅಂದುಕೊಂಡಿರುವವರು ರೈತರು ಮಾತ್ರ. ಸರ್ಕಾರದಲ್ಲಿ ಬರಕ್ಕೆ ಸರ್ಟಿಫಿಕೇಟ್ ಬೇಕು. ಅದಕ್ಕೆ ಕೇಂದ್ರದ 2016ರ ಬರ ಕೈಪಿಡಿ ಇದೆ. ಮೂರ್ನಾಲ್ಕು ವಾರ ಸತತವಾಗಿ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ ಬೀಳಬೇಕು. ಮಧ್ಯೆ ಒಂದು ದಿನ ಮೋಡಕ್ಕೆ ಕರುಣೆ ಬಂದು ನಾಲ್ಕು ಹನಿ ಜಾಸ್ತಿ ಉದುರಿಸಿತೋ, ಮತ್ತೆ ಒಂದರಿಂದ ಎಣಿಸಿ. ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದರೆ ಔಟ್ ಅಲ್ವಾ, ಹಾಗೆ. ಇದು ದಾಟಿದರೆ ಬಿತ್ತನೆ ಎಷ್ಟಾಯಿತು, ಮಣ್ಣಿನಲ್ಲಿ ತೇವ ಎಷ್ಟಿದೆ, ಮೇಲಿಂದ ಉಪಗ್ರಹಕ್ಕೆ ಎಷ್ಟು ಹಸಿರು ಕಾಣುತ್ತೆ ಅಂತ ಪರೀಕ್ಷೆ. ಅದರಲ್ಲೂ ಪಾಸಾದರೆ ನೂರಕ್ಕೆ ಹತ್ತು ಹಳ್ಳಿ ಆರಿಸಿ, ಹೊಲಕ್ಕೆ ಹೋಗಿ ನೋಡಬೇಕು. ಮಾವನ ಊರು ಆ ಹತ್ತರಲ್ಲಿ ಬರಲಿಲ್ಲ. ಲಾಟರಿ ಅವರಿಗೆ ಯಾವತ್ತೂ ಹೊಡೆದಿಲ್ಲ.

ಉಪಗ್ರಹವನ್ನು ನಾನು ಬೈಯುವುದಿಲ್ಲ. ವಿಜ್ಞಾನಿಗಳು ಎಲೆ ಎಷ್ಟು ಹಸಿರು ಅಂತ ಕೇಳಿದರು, ಅದು ಹೇಳಿತು. ಅದೊಂದನ್ನೇ ನಂಬಿ ಕೂರಬೇಡಿ ಅಂತಲೂ ಅವರೇ ಹೇಳಿದ್ದಾರೆ. ಮಣ್ಣೊಳಗೆ ಕಾಯಿ ಕಟ್ಟಿದೆಯಾ ಅಂತ ನೂರಾರು ಕಿಲೋಮೀಟರ್ ಮೇಲಿಂದ ಹೇಗೆ ಕಾಣಬೇಕು ಪಾಪ? ಮಾವನ ಬೇಲಿ ತುಂಬ ಬಳ್ಳಾರಿ ಜಾಲಿ. ಎಂಥ ಬರದಲ್ಲೂ ಅದಕ್ಕೆ ಬರ ಅಂತ ಗೊತ್ತೇ ಇಲ್ಲ. ಊರಿನಲ್ಲಿ ಎಲ್ಲಕ್ಕಿಂತ ಸುಖವಾಗಿರುವ ಬೆಳೆ ಅದೇ.

ನಮ್ಮ ರಾಜ್ಯವೇನೂ ಸುಮ್ನೆ ಕೂರಲಿಲ್ಲ. ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕಿಗೆ ಬರ ಘೋಷಿಸಿತು. ಆಮೇಲೆ 216 ಆಯಿತು, ಆಮೇಲೆ 223. ಆಗ ಇದ್ದದ್ದೇ 236. ಉಳಿದ ಹದಿಮೂರು ತಾಲ್ಲೂಕಿನವರು ಏನು ಪಾಪ ಮಾಡಿದ್ದರೋ. ಬೇರೆ ಕಡೆ ಜನ ನೀರು ಕೊಡಿ ಅಂತ ಧರಣಿ ಕೂರುತ್ತಾರೆ. ನಮ್ಮಲ್ಲಿ ಬರ ಕೊಡಿ ಅಂತ ಮನವಿ ಪತ್ರ ಹಿಡಿದು ನಿಲ್ಲುತ್ತಾರೆ. ಅತ್ತ ಹವಾಮಾನ ಇಲಾಖೆ 2016ರಲ್ಲೇ ಜಾಣತನ ಮಾಡಿ, ‘ಬರ’ ಅನ್ನುವ ಪದವನ್ನೇ ತನ್ನ ನಿಘಂಟಿನಿಂದ ತೆಗೆದುಹಾಕಿತ್ತು. ಇನ್ನು ಮೇಲೆ ‘ಮಳೆ ಕೊರತೆಯ ವರ್ಷ’ ಅಂತ. ಸಾಲಗಾರನಿಗೆ ಸಾಲ ಅನ್ನಬೇಡ, ಕೈಕೊರತೆ ಅನ್ನು ಅಂದ ಹಾಗಾಯಿತು.

ಹೀಗೆ ಬರದ ಲೆಕ್ಕ ಬಂದಾಗ ನಮ್ಮ ಸರ್ಕಾರಗಳಿಗೆ ವಿಜ್ಞಾನದ ಮೇಲೆ ಬಲು ಪ್ರೀತಿ. ಅದರಲ್ಲೂ ಆ ಲೆಕ್ಕ ದಿಲ್ಲಿಯಿಂದ ದುಡ್ಡು ತರುತ್ತೆ ಅಂದರೆ. ಪಕ್ಷ ಯಾವುದು ಅಂತ ಕೇಳಬೇಡಿ, ಈ ಪ್ರೀತಿ ಕುರ್ಚಿಯ ಜೊತೆ ಬರುತ್ತೆ. ಪಂಚಾಯಿತಿ ಪಂಚಾಯಿತಿಗೂ ಮಳೆಮಾಪಕ ಇಟ್ಟಿರುವ ರಾಜ್ಯ ನಮ್ಮದು. ಅದೇ ರಾಜ್ಯ 2019ರ ಮುಂಗಾರಿನ ಹೊತ್ತಿಗೆ ಮುಜರಾಯಿ ದೇವಸ್ಥಾನಗಳಿಗೆ ಪರ್ಜನ್ಯ ಹೋಮ ಮಾಡಿಸಿ ಅಂತ ಆದೇಶ ಹೊರಡಿಸಿತು. ಅರ್ಚಕರು ನೀರು ತುಂಬಿದ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಕೂತು ಜಪ ಮಾಡುವ ಫೋಟೋಗಳನ್ನು ನೀವೂ ನೋಡಿರಬಹುದು. ಆ ಬರದಲ್ಲಿ ಅಷ್ಟು ನೀರು ಎಲ್ಲಿಂದ ಬಂತು ಅನ್ನುವುದು ನನ್ನ ಅನುಮಾನ. ಟ್ಯಾಂಕರ್ ಇರಬೇಕು.

ಅದೇ ವರ್ಷದ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕವೆಲ್ಲ ಮುಳುಗಿತು. ಆರ್ಡರ್ ಕೊಡುವಾಗ ಅಳತೆ ಬರೆಯುವುದನ್ನು ಯಾರೋ ಮರೆತಿದ್ದರು.

ಹೋಮದಲ್ಲಿ ನಂಬಿಕೆ ಇಲ್ಲದವರಿಗಾಗಿ ಮೋಡ ಬಿತ್ತನೆಯ ವಿಮಾನ ಇತ್ತು. 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’. ಮೋಡ ಬಿತ್ತನೆಗೆ ಮೊದಲು ಮೋಡ ಇರಬೇಕು, ಬಿದ್ದ ಮಳೆ ತಾನಾಗಿಯೇ ಬೀಳುತ್ತಿತ್ತೋ ಏನೋ ಹೇಳುವುದು ಕಷ್ಟ ಅಂತ ವಿಜ್ಞಾನಿಗಳು ಹೇಳುತ್ತಲೇ ಇದ್ದರು. ಕೇಳುವವರು ಯಾರು? ಮಳೆ ಬಂದರೆ ವಿಮಾನದ್ದು, ಬರದಿದ್ದರೆ ಮೋಡದ್ದು. ಇಷ್ಟು ಸುರಕ್ಷಿತವಾದ ಯೋಜನೆ ಇನ್ನೊಂದಿಲ್ಲ.

ಭೂಮಿ ಬಿಸಿಯಾದಷ್ಟೂ ಮಳೆ ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತೆ, ಬರ ಮತ್ತು ನೆರೆ ಒಂದೇ ಮನೆಯ ಮಕ್ಕಳು ಅಂತ ಅದೇ ವಿಜ್ಞಾನಿಗಳು ಹೇಳುತ್ತಾರೆ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಅತ್ತ 100 ತಾಲ್ಲೂಕಿನಲ್ಲಿ ಬರ ಇತ್ತು. ಕಚೇರಿಯಲ್ಲಿ ಮಾತ್ರ ಬರದ ಫೈಲೇ ಬೇರೆ, ನೆರೆಯ ಫೈಲೇ ಬೇರೆ. ಇನ್ನು ನದಿ ಹುಟ್ಟುವ ಘಟ್ಟದ ಕಾಡು ಉಳಿಸಿ ಅಂತ ವಿಜ್ಞಾನಿ ಹೇಳಿದರಂತೂ ಕಥೆಯೇ ಬೇರೆ. ಪಶ್ಚಿಮ ಘಟ್ಟದ ಬಗ್ಗೆ ಬಂದ ಕಸ್ತೂರಿರಂಗನ್ ವರದಿ, ಉಪಗ್ರಹದ ಚಿತ್ರ ನೋಡಿ, ಕರ್ನಾಟಕದ 20,668 ಚದರ ಕಿಲೋಮೀಟರನ್ನು ಸೂಕ್ಷ್ಮ ಪ್ರದೇಶ ಅಂದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸಂಪುಟ ಅದನ್ನು ಒಪ್ಪುವುದಿಲ್ಲ ಅಂತ ತೀರ್ಮಾನಿಸಿತು. ಬರ ಅಳೆಯಲು ಉಪಗ್ರಹ ನೋಡಬೇಕು, ಕಾಡು ಅಳೆಯಲು ನೋಡಬಾರದು. ಹಸಿರು ಜಾಸ್ತಿ ಕಂಡರೂ ತೊಂದರೆ, ಕಡಿಮೆ ಕಂಡರೂ ತೊಂದರೆ.

ದುಡ್ಡಿನ ಕಥೆ ಚಿಕ್ಕದು. ರಾಜ್ಯ ಕೇಳಿದ್ದು 18,171 ಕೋಟಿ. ದಿಲ್ಲಿ ಉತ್ತರ ಕೊಡಲಿಲ್ಲ ಅಂತ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಬಂದಿದ್ದು 3,454 ಕೋಟಿ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಎಕರೆಗೆ 3,400 ಚಿಲ್ಲರೆ ಬಿತ್ತು. ಅದರಲ್ಲಿ ರಾಜ್ಯ ಮೊದಲೇ ಒಬ್ಬೊಬ್ಬ ರೈತನಿಗೆ 2,000ದವರೆಗೆ ಕೊಟ್ಟಿದ್ದನ್ನು ಹಿಡಿದುಕೊಂಡರು.

ಮೇ ತಿಂಗಳ ಒಂದು ಸಂಜೆ ಮಾವ ಫೋನ್ ಮಾಡಿದರು. ‘ಅಳಿಯ, ಬರದ ದುಡ್ಡು ಬಂತು ಅಂತ ಮೆಸೇಜು.’

‘ಜೋರಾಗಿ ಹೇಳಿ ಮಾವ, ಏನೋ ಸದ್ದು, ಕೇಳಿಸ್ತಾ ಇಲ್ಲ.’

‘ಮಳೆ ಕಣಯ್ಯ. ತಗಡಿನ ಮೇಲೆ ಹೊಯ್ತಾ ಇದೆ. ಆಮೇಲೆ ಮಾಡ್ತೀನಿ ಇರು.’