ಸಮನ್ಸ್ ಬಂದಾಗ ಮಗೂಗೆ ನಾಲ್ಕು ತಿಂಗಳು

ಹೋದ ತಿಂಗಳು ಪೋಸ್ಟ್ ತೆಗೆದು ನೋಡಿದ್ರೆ ಹೆಂಡ್ತಿ ಹೆಸರಿಗೆ ಜ್ಯೂರಿ ಸಮನ್ಸ್, ಅಂದ್ರೆ ಕೋರ್ಟಲ್ಲಿ ಕೂತು ಕೇಸ್ ಕೇಳಿ ತೀರ್ಪು ಹೇಳೋಕೆ ಸಾಮಾನ್ಯ ನಾಗರಿಕರನ್ನ ಕರೆಯೋ ಪತ್ರ. ಅವಳು ಸಿಟಿಜನ್ ಆಗಿ ಇನ್ನೂ ಎರಡು ವರ್ಷ ಆಗಿಲ್ಲ, ತೊಡೆ ಮೇಲೆ ನಾಲ್ಕು ತಿಂಗಳ ಕೂಸು, ಬಾಟಲಿ ಬಾಯಿಗಿಟ್ರೆ ಮುಖ ತಿರುಗಿಸುತ್ತೆ. ಡಾಕ್ಟರ್ ಸರ್ಟಿಫಿಕೇಟು, ಅರ್ಜಿ, ಯಾರ ಕೈಕಾಲು ಹಿಡೀಬೇಕು ಅಂತ ನನ್ನ ತಲೇಲಿ ಆಗ್ಲೇ ಲೆಕ್ಕ ಶುರುವಾಗಿತ್ತು. ಅವಳು ಫಾರಂ ಓದಿದ್ಲು, ಮಗೂಗೆ ಹಾಲುಣಿಸ್ತಿದೀನಿ ಅಂತ ಬರೆದು ಸಹಿ ಹಾಕಿ ಕಳಿಸಿದ್ಲು, ಮುಗೀತು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 2000ನೇ ಇಸವೀಲೇ ಇದಕ್ಕೆ ಕಾನೂನು ಮಾಡಿದಾರೆ, ಒಂದು ವರ್ಷದ ತನಕ ಮುಂದಕ್ಕೆ ಹಾಕ್ಬಹುದು, ಆಮೇಲೂ ಬೇಕಂದ್ರೆ ಮತ್ತೆ ಬರೆದು ಕೇಳ್ಬಹುದು, ಕೇಳೋಕೆ ಅಂತ ಕೋರ್ಟ್ ಮೆಟ್ಟಿಲು ಹತ್ತೋದು ಬೇಡ.

ನಂಗೆ ಆ ಕ್ಷಣ ನೆನಪಾಗಿದ್ದು ತಂಗಿ. ಊರಲ್ಲಿ ಮನೆ ಮುಂದೆ ಆದ ಬೈಕ್ ಆಕ್ಸಿಡೆಂಟ್ ನೋಡಿದ್ಲು ಅಂತ ಸಾಕ್ಷಿ ಹಾಕಿದ್ರು. ಐದು ತಿಂಗಳ ಬಾಣಂತಿ, ತಲೆಗೆ ಬಟ್ಟೆ ಕಟ್ಟದೆ ಅಮ್ಮ ಹಿತ್ತಲಿಗೂ ಬಿಡ್ತಿರಲಿಲ್ಲ, ಅಂಥವಳು ಬೆಳಿಗ್ಗೆ ಹತ್ತೂವರೆಯಿಂದ ಕೋರ್ಟ್ ಕಾರಿಡಾರಲ್ಲಿ ನಿಂತಿದಾಳೆ. ಹೊರಗೆ ಹೊಂಗೆ ಮರದ ಕೆಳಗೆ ಅಮ್ಮ ಮಗು ಹಿಡ್ಕೊಂಡು ಕೂತಿದಾರೆ, ಮಗು ಅಳೋದು ಒಳಗೆ ಕೇಳಿಸ್ತಾ ಇದೆ. ಹೆಸರು ಕೂಗಿದಾಗ ಇಲ್ದಿದ್ರೆ ವಾರಂಟ್ ಆಗುತ್ತೆ ಅಂತ ಯಾರೋ ಹೆದರಿಸಿಬಿಟ್ಟಿದ್ರು, ಎದ್ದುಹೋಗೋಕೆ ಧೈರ್ಯ ಇಲ್ಲ. ಎದೆ ಕಲ್ಲಾಗಿ, ಹಾಲು ರವಿಕೆ ನೆನೆಸಿ ಸೆರಗಿಗೂ ಇಳಿದಿತ್ತು. ಮೂರೂವರೆಗೆ, ವಕೀಲರು ಬಂದಿಲ್ಲ ಅಂತ ಇನ್ನೊಂದು ಡೇಟ್ ಕೊಟ್ರು.

ನಮ್ಮಲ್ಲಿ ಜ್ಯೂರಿ ಎಲ್ಲಿದೆ ಅಂತ ಕೇಳ್ತೀರಾ, ನಿಜ, 1973ರ ದಂಡ ಪ್ರಕ್ರಿಯಾ ಸಂಹಿತೇಲೇ ಅದನ್ನ ಕೈಬಿಟ್ಟಿದಾರೆ. ಸಾಕ್ಷಿಗಳು ಇದಾರಲ್ಲ? ಬಾಣಂತಿ ಅಂದ್ರೆ ದೇವರ ಸಮಾನ ಅಂತ ಮನೇಲಿ ಅಷ್ಟು ಜೋಪಾನ ಮಾಡ್ತೀವಿ, ಸರ್ಕಾರಿ ಕಟ್ಟಡದ ಒಳಗೆ ಕಾಲಿಟ್ಟ ತಕ್ಷಣ ಅವಳು ಬರೀ ಎರಡನೇ ಸಾಕ್ಷಿ. ಜಡ್ಜ್ ಹತ್ರ ಕೇಳಿದ್ರೆ ಬಿಡ್ತಿದ್ರೇನೋ, ಆದ್ರೆ ತುಂಬಿದ ಕೋರ್ಟಲ್ಲಿ ಗಂಡಸರ ಮಧ್ಯೆ ನಿಂತು ಯಾವ ಹುಡುಗಿ ಅದನ್ನ ಬಾಯಿಬಿಟ್ಟು ಹೇಳ್ತಾಳೆ? ಅದಕ್ಕೇ ಹಾಲುಣಿಸೋ ತಾಯಿ ಬರೆದು ಕೇಳಿದ್ರೆ ಡೇಟ್ ಮುಂದಕ್ಕೆ ಹಾಕ್ತೀವಿ ಅಂತ ಸಮನ್ಸ್ ಹಿಂಬದೀಲಿ ಒಂದು ಸಾಲು ಅಚ್ಚಾಗಿರಬೇಕು, ಅಷ್ಟು ಮಾಡೋಕೆ ಏನು ಕಷ್ಟ ನಮಗೆ?

ಹಾಗಂತ ಇಲ್ಲಿ ಎಲ್ಲಾ ಸುಖ ಅಂತಲ್ಲ. ಇಲ್ಲಿನ ಕೇಂದ್ರದ ಕಾನೂನಲ್ಲಿ ಹೆರಿಗೆಗೆ ಸಿಗೋದು 12 ವಾರ, ಅದೂ ಸಂಬಳ ಇಲ್ದೆ, ನಮ್ಮಲ್ಲಿ 2017ರಿಂದ 26 ವಾರ ಸಂಬಳದ ರಜೆ ಇದೆ, ಎಲ್ಲರಿಗೂ ಸಿಗಲ್ಲ ಅನ್ನೋದು ಬೇರೆ ಮಾತು. ಇನ್ನೊಂದು ಹೇಳ್ಲೇಬೇಕು. ಅವತ್ತು ಮಧ್ಯಾಹ್ನ ಊಟದ ಬಿಡುವಲ್ಲಿ ಕೋರ್ಟ್ ಎದುರಿನ ಟೀ ಅಂಗಡಿ ಹೆಂಗಸು ತಂಗೀನ ಕೈ ಹಿಡಿದು ಅಂಗಡಿ ಹಿಂದಕ್ಕೆ ಕರ್ಕೊಂಡು ಹೋಗಿ, ಮಗು ಕುಡಿದು ಮುಗಿಸೋ ತನಕ ತನ್ನ ಸೆರಗನ್ನೇ ಅಡ್ಡ ಹಿಡಿದು ನಿಂತಿದ್ಲಂತೆ. ಇಲ್ಲಿ ಈ ಸನ್ನಿವೇಲ್‌ನಲ್ಲಿ ಅರ್ಧ ಗಂಟೆ ಮಗು ಹಿಡ್ಕೊಳ್ಳಿ ಅನ್ನೋಕೆ ನಮಗೆ ಇನ್ನೊಂದು ಮನೆ ಇಲ್ಲ.

ಮುಂದಿನ ವರ್ಷ ಕರೆದ್ರೆ ಹೋಗೇ ಹೋಗ್ತೀನಿ ಅಂತಾಳೆ ಇವಳು. ಅವತ್ತು ನಾನು ರಜೆ ಹಾಕ್ತೀನಿ.