ಭಾವನಿಗೆ ಮೈಲಿ ಬಂದಿದೆ

ಮುಂಬೈ ಪಕ್ಕದ ಡೊಂಬಿವಲಿಯ ಅಕ್ಕನ ಮನೆಯಿಂದ ಕುಂದಾಪುರದ ಕಡೆಯ ಹಳ್ಳಿಗೆ ಫೋನ್ ಹೋದ ಆ ಭಾನುವಾರ ನಾನೂ ಅಲ್ಲಿಯೇ ಇದ್ದೆ. ಸ್ಪೀಕರ್ ಹಾಕಿದ್ದರು. ಭಾವ ಹಿಗ್ಗಿನಿಂದ, “ಅಮ್ಮ, ಈ ತಿಂಗಳು ನನಗೆ ಮೈಲಿ ತುಂಬಾ ಬಂದಿದೆ” ಎಂದರು. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಎಂಬತ್ತನಾಲ್ಕು ವರ್ಷದ ಧ್ವನಿಯೊಂದು ನಡುಗುತ್ತ ಹೇಳಿತು: “ಅಯ್ಯೋ ದೇವರೇ! ಜ್ವರ ಇದೆಯೇ? ಹಾಸಿಗೆಗೆ ಬೇವಿನ ಸೊಪ್ಪು ಹಾಕಲು ಹೇಳು. ಇಳಿಯುವ ತನಕ ಮನೆಯಲ್ಲಿ ಒಗ್ಗರಣೆ ಹಾಕಬಾರದು. ಮಕ್ಕಳನ್ನು ಹತ್ತಿರ ಬಿಡಬೇಡ.”

ಆ ತಲೆಮಾರಿಗೆ ಮೈಲಿ ಎಂದರೆ ಸಿಡುಬು. ಭಾವ ಹೇಳಿದ್ದು ವಿಮಾನ ಕಂಪನಿಗಳೂ ಕ್ರೆಡಿಟ್ ಕಾರ್ಡಿನ ಬ್ಯಾಂಕುಗಳೂ ಗಿರಾಕಿಗೆ ಕೊಡುವ, ಕೂಡಿಟ್ಟರೆ ಬಿಟ್ಟಿ ಟಿಕೆಟ್ ಸಿಗುವ ಪಾಯಿಂಟಿನ ಮಾತು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು, ಅಕ್ಕ ಸೆರಗಿನಲ್ಲಿ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಯೋಚಿಸಿದಷ್ಟೂ ಅಜ್ಜಿಯ ರೋಗಪರೀಕ್ಷೆಯೇ ಸರಿ ಎನಿಸತೊಡಗಿತು. ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರ ಮೇ ತಿಂಗಳಲ್ಲಿ. ಅದಕ್ಕೆ ವರ್ಷ ತುಂಬುವಷ್ಟರಲ್ಲಿ, 1981ರ ಮೇ 1ರಂದು, ಅಮೆರಿಕನ್ ಏರ್‌ಲೈನ್ಸ್ ತನ್ನ ಗಿರಾಕಿಗಳಿಗೆ ಮೈಲಿ ಹಂಚಲು ಶುರುಮಾಡಿತು. 1979ರಲ್ಲಿ ಟೆಕ್ಸಾಸ್ ಇಂಟರ್‌ನ್ಯಾಷನಲ್ ಎಂಬ ಸಣ್ಣ ವಿಮಾನ ಕಂಪನಿಯ ಮೈಮೇಲೆ ಒಂದೆರಡು ಗುಳ್ಳೆ ಎದ್ದಿದ್ದವು, ನಿಜ. ಊರಿಗೆಲ್ಲ ಹಬ್ಬಿದ್ದು ಆ ಮೇ ತಿಂಗಳ ನಂತರ. ಹಳೆಯ ಮೈಲಿಗೆ ಲಸಿಕೆ ಇತ್ತು. ಇದಕ್ಕೆ ಇನ್ನೂ ಬಂದಿಲ್ಲ.

ಇದು ಮೊದಲು ತಗಲುವುದು ಕಿಸೆಗೆ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಊರಿನವರು ಎಂಟು ಹತ್ತು ಮಂದಿ ಸೇರಿದ್ದೆವು. ದೋಸೆ, ಬನ್ಸ್, ಕಾಫಿ ಮುಗಿದು ಬಿಲ್ಲು ಬಂದಾಗ ಭಾವ ಹದ್ದಿನಂತೆ ಎರಗಿ ಅದನ್ನು ಹಿಡಿದುಕೊಂಡರು. ಇಪ್ಪತ್ತು ವರ್ಷಗಳಿಂದ ಬಿಲ್ಲು ಬರುವ ಹೊತ್ತಿಗೆ ಕೈ ತೊಳೆಯಲು ಏಳುತ್ತಿದ್ದ ಮನುಷ್ಯ! ನಮ್ಮ ಕಣ್ಣು ತೇವಗೊಂಡವು. ಕಾರ್ಡು ಉಜ್ಜಿ ಚೀಟಿ ಮಡಚಿಟ್ಟುಕೊಂಡ ಮೇಲೆ ಭಾವ ಮೊಬೈಲ್ ತೆಗೆದು, “ತಲೆಗೆ 214 ರೂಪಾಯಿ. ಈಗಲೇ ಯುಪಿಐ ಮಾಡಿಬಿಡಿ” ಎಂದರು. ದುಡ್ಡು ನಮ್ಮದು, ದೋಸೆ ನಮ್ಮದು, ಪಾಯಿಂಟ್ ಅವರದು. ಈಗ ಸಂಘದ ವಾರ್ಷಿಕೋತ್ಸವದ ಊಟ, ನೆರೆಮನೆಯವರ ಫ್ರಿಜ್ಜು, ಯಾರದೋ ಮಗಳ ಮದುವೆಯ ಒಡವೆ, ಎಲ್ಲಕ್ಕೂ ಭಾವ ಮುಂದೆ ನಿಂತು ಕಾರ್ಡು ಕೊಡುತ್ತಾರೆ. ಸಮಾಜಸೇವಕರೆಂದು ಹೆಸರೂ ಬಂದಿದೆ. ಸ್ವಲ್ಪ ಕಾಲ ತಮ್ಮದೇ ಮನೆಗೆ ತಮ್ಮದೇ ಹೆಂಡತಿಗೆ ಕಾರ್ಡಿನ ಮೂಲಕ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದರು. 2022ರಲ್ಲಿ ಬ್ಯಾಂಕುಗಳು ಇಂಥ ಪಾವತಿಗೆ ಶೇಕಡಾ 1ರಷ್ಟು ಶುಲ್ಕ ಹಾಕಲು ಹೊರಟಾಗ ಆ ದಾಂಪತ್ಯದ ಬಾಡಿಗೆ ಕರಾರು ಮುರಿದುಬಿತ್ತು.

ಇಷ್ಟೆಲ್ಲ ಏತಕ್ಕೆ? ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿ ಮಲಗುವುದಕ್ಕೆ. ಮೂವತ್ತು ವರ್ಷದಿಂದ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಒಂದೇ ಕಾಲಿನ ಮೇಲೆ ನಿಂತು, ಯಾರದೋ ಕಂಕುಳಿನ ಕೆಳಗೆ ಮುಖವಿಟ್ಟು ಫೋರ್ಟಿನ ಕಚೇರಿಗೆ ಹೋಗಿಬರುವ ಮನುಷ್ಯನಿಗೆ ಆಕಾಶದಲ್ಲಾದರೂ ಇನ್ನೊಂದು ಕಾಲು ಇಡಲು ಜಾಗ ಬೇಕೆನಿಸಿದರೆ ತಪ್ಪೆನ್ನಲು ನನಗೆ ಬಾಯಿಲ್ಲ. ನನ್ನ ತಕರಾರು ಇರುವುದು ಅವರ ಲೆಕ್ಕದ ಮೇಲೆ.

ಆ ಲೆಕ್ಕವನ್ನು ಭಾವ ನನಗೆ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದೇ ವಿವರಿಸಿದರು. ಮುಂಬೈಯಿಂದ ಮಂಗಳೂರಿಗೆ ಟಿಕೆಟ್ 5,600 ರೂಪಾಯಿ. ಅದನ್ನೇ ಪಾಯಿಂಟಿನಲ್ಲಿ ಕೊಂಡರೆ 8,000 ಪಾಯಿಂಟ್, ಮೇಲೆ ತೆರಿಗೆ, ಶುಲ್ಕವೆಂದು 2,000 ರೂಪಾಯಿ ನಗದು. ಅಂದರೆ ಒಂದು ಪಾಯಿಂಟಿಗೆ ಸಿಕ್ಕ ಬೆಲೆ 45 ಪೈಸೆ. “ಛೀ!” ಎಂದರು ಭಾವ. ಯುರೋಪಿಗೆ ಬಿಸಿನೆಸ್ ಕ್ಲಾಸ್ ಟಿಕೆಟ್ 2,60,000 ರೂಪಾಯಿ. ಪಾಯಿಂಟಿನಲ್ಲಾದರೆ 80,000 ಪಾಯಿಂಟ್ ಮತ್ತು 23,000 ರೂಪಾಯಿ. ಒಂದು ಪಾಯಿಂಟಿಗೆ ಹತ್ತಿರಹತ್ತಿರ 3 ರೂಪಾಯಿ! ಆದ್ದರಿಂದ ಅಮ್ಮನನ್ನು ನೋಡಲು ಪಾಯಿಂಟ್ ಖರ್ಚು ಮಾಡುವುದು ಮೂರ್ಖತನ. ಯಾರೂ ಇಲ್ಲದ ಊರಿಗೆ ಹೋಗುವುದೇ ಜಾಣತನ. ಗುರುತಿನವರು ಕಡಿಮೆಯಾದಷ್ಟೂ ಪಾಯಿಂಟಿನ ಬೆಲೆ ಏರುತ್ತದೆ.

ಭಾವ ಜೀವಮಾನದಲ್ಲಿ ಎಂದೂ ಎರಡೂವರೆ ಲಕ್ಷ ಎಣಿಸಿ ಆ ಟಿಕೆಟ್ ಕೊಳ್ಳುವವರಲ್ಲ. ತಾನು ಕೊಳ್ಳದ ವಸ್ತುವಿನ ಬೆಲೆಯನ್ನೆಲ್ಲ ತನ್ನ ಲಾಭವೆಂದು ಬರೆದುಕೊಳ್ಳುವುದಾದರೆ, ಮಲಬಾರ್ ಹಿಲ್‌ನಲ್ಲಿ ಬಂಗಲೆ ಕೊಳ್ಳದೆ ನಾನು ದಿನದಿನವೂ ಉಳಿಸುತ್ತಿರುವ ಕೋಟಿಗಳಿಗೆ ಆದಾಯ ತೆರಿಗೆಯವರು ಇಷ್ಟು ಹೊತ್ತಿಗೆ ಬಾಗಿಲು ತಟ್ಟಬೇಕಾಗಿತ್ತು.

ಇದು ನಮ್ಮ ಡೊಂಬಿವಲಿಯ ಮಂಡೆಬಿಸಿ ಮಾತ್ರವಲ್ಲ. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರ್ ಆಹಾರ ಕಂಪನಿಯೊಂದರ ಮೈಲಿ ಕೊಡುಗೆ ಓದಿ, ಒಂದಕ್ಕೆ 25 ಸೆಂಟಿನಂತೆ 12,000ಕ್ಕೂ ಹೆಚ್ಚು ಪುಡಿಂಗ್ ಬಟ್ಟಲು ಕೊಂಡರು. ಲೇಬಲ್ ಕಿತ್ತು ಕಳುಹಿಸಲು ಕೈ ಸಾಲದೆ ಪುಡಿಂಗನ್ನು ಧರ್ಮಾರ್ಥ ಸಂಸ್ಥೆಗೆ ಕೊಟ್ಟು ಅವರಿಂದಲೇ ಲೇಬಲ್ ಕೀಳಿಸಿ, ದಾನ ಮಾಡಿದ್ದಕ್ಕೆ ತೆರಿಗೆ ವಿನಾಯಿತಿಯನ್ನೂ ಪಡೆದರು. ಖರ್ಚು 3,000 ಡಾಲರಿನ ಆಸುಪಾಸು, ಬಂದದ್ದು 12 ಲಕ್ಷಕ್ಕೂ ಮೀರಿದ ಮೈಲಿ. ಮುಂದೆ ಅಮೆರಿಕದ ಟಂಕಸಾಲೆ ಒಂದು ಡಾಲರ್ ನಾಣ್ಯ ಜನರ ಕೈಯಲ್ಲಿ ಓಡಾಡಲೆಂದು ಮುಖಬೆಲೆಗೇ, ಸಾಗಣೆ ವೆಚ್ಚವಿಲ್ಲದೆ ಮನೆಗೆ ಕಳುಹಿಸುತ್ತಿತ್ತು. ಮೈಲಿ ಬಂದವರು ಅದನ್ನು ಕ್ರೆಡಿಟ್ ಕಾರ್ಡಿನಲ್ಲಿ ಪೆಟ್ಟಿಗೆಗಟ್ಟಲೆ ಕೊಂಡು, ಪೆಟ್ಟಿಗೆ ಸಮೇತ ಬ್ಯಾಂಕಿಗೆ ಕಟ್ಟಿ, ಅದೇ ಹಣದಿಂದ ಕಾರ್ಡಿನ ಬಿಲ್ಲು ತೀರಿಸಿದರು. ಸರ್ಕಾರ ಎಚ್ಚೆತ್ತು 2011ರಲ್ಲಿ ಕಾರ್ಡಿನ ಕೊಳ್ಳುವಿಕೆ ನಿಲ್ಲಿಸುವವರೆಗೆ ಆ ನಾಣ್ಯಗಳು ಯಾವ ಕಿಸೆಯನ್ನೂ ಕಾಣದೆ ಟಂಕಸಾಲೆಯಿಂದ ಬ್ಯಾಂಕಿಗೆ ಪ್ರದಕ್ಷಿಣೆ ಹಾಕಿದವು. ಈ ಎರಡು ಕಥೆಗಳನ್ನು ನಾನು ಭಾವನಿಗೆ ಎಚ್ಚರಿಕೆಯೆಂದು ಹೇಳಿದೆ. ಅವರು ಪುರಾಣ ಶ್ರವಣ ಮಾಡಿದವರಂತೆ ಕೈ ಮುಗಿದರು.

ಗಿರಾಕಿಯನ್ನೇ ಬೈದು ಕಂಪನಿಗಳನ್ನು ಬಿಟ್ಟರೆ ಅನ್ಯಾಯವಾದೀತು. ಈ ಮೈಲಿಗೂ ದೂರಕ್ಕೂ ಇದ್ದ ಸಂಬಂಧ ಹೆಚ್ಚುಕಡಿಮೆ ಕಡಿದುಹೋಗಿದೆ. ಎಷ್ಟು ದೂರ ಹಾರಿದಿರಿ ಎನ್ನುವುದು ಬಿಟ್ಟು ಎಷ್ಟು ದುಡ್ಡು ಸುರಿದಿರಿ ಎನ್ನುವುದರ ಮೇಲೆ ಪಾಯಿಂಟ್ ಕೊಡುವ ಪದ್ಧತಿಗೆ ಅಮೆರಿಕದ ಡೆಲ್ಟಾ ವಿಮಾನ ಕಂಪನಿ 2015ರಲ್ಲಿ ಬದಲಾಯಿತು. ಯಾವ ಊರಿಗೆ ಎಷ್ಟು ಮೈಲಿ ಬೇಕೆಂಬ ಪಟ್ಟಿಯನ್ನೂ ಅದೇ ವರ್ಷ ತೆಗೆದುಹಾಕಿತು. ನ್ಯಾಯಬೆಲೆ ಅಂಗಡಿಯವನು ದರದ ಹಲಗೆಯನ್ನು ಒಳಗಿಟ್ಟು, ‘ಇಂದಿನ ಅಕ್ಕಿಯ ಬೆಲೆಯನ್ನು ನಿಮ್ಮ ಮುಖ ನೋಡಿ ಹೇಳುತ್ತೇನೆ’ ಎಂದಂತೆ. ಕಂಪನಿಗಳು ತಾವೇ ಅಚ್ಚು ಹಾಕಿದ ಈ ನೋಟನ್ನು ಬ್ಯಾಂಕುಗಳಿಗೆ ನಿಜವಾದ ದುಡ್ಡಿಗೆ ಮಾರುತ್ತವೆ, ಬ್ಯಾಂಕು ಅದನ್ನು ಭಾವನಂಥವರಿಗೆ ಹಂಚುತ್ತದೆ, ಭಾವ ಅದನ್ನು ಬಳಸಲು ಹೊರಟ ದಿನ ಅದರ ಬೆಲೆ ಎಷ್ಟೆಂದು ಅಚ್ಚು ಹಾಕಿದವರೇ ತೀರ್ಮಾನಿಸುತ್ತಾರೆ. 2020ರಲ್ಲಿ ಕೋವಿಡ್‌ನಿಂದ ವಿಮಾನಗಳೆಲ್ಲ ನೆಲ ಹಿಡಿದಾಗ ಯುನೈಟೆಡ್ ಕಂಪನಿ ಸಾಲಕ್ಕೆ ತನ್ನ ಮೈಲಿ ಯೋಜನೆಯನ್ನೇ ಅಡವಿಟ್ಟಿತು. ಯೋಜನೆಯ ಬೆಲೆ ಸುಮಾರು 2,200 ಕೋಟಿ ಡಾಲರ್ ಎಂದು ಕಟ್ಟಿದರು. ವಿಮಾನ, ಪೈಲಟ್ ಎಲ್ಲ ಸೇರಿದ ಕಂಪನಿಗೆ ಷೇರುಪೇಟೆಯಲ್ಲಿ ಆಗ ಅಷ್ಟು ಬೆಲೆಯಿರಲಿಲ್ಲ. ಎಮ್ಮೆಗಿಂತ ಅದರ ಕೊರಳಿನ ಗಂಟೆಗೇ ಗಿರಾಕಿ ಹೆಚ್ಚು.

ನಮ್ಮ ಮುಂಬೈ ಇದರಲ್ಲೇನೂ ಹಿಂದೆ ಬಿದ್ದಿಲ್ಲ. ದೇಹ ನಾಶವಾದರೂ ಆತ್ಮ ಉಳಿಯುತ್ತದೆ ಎಂದು ಪ್ರವಚನಗಳಲ್ಲಿ ಕೇಳಿದ್ದೆ, ಕಣ್ಣಾರೆ ಕಂಡದ್ದು ಜೆಟ್ ಏರ್‌ವೇಸ್‌ನಲ್ಲಿ. 2019ರ ಏಪ್ರಿಲ್ 17ರ ರಾತ್ರಿ ಅದರ ಕೊನೆಯ ವಿಮಾನ ಅಮೃತಸರದಿಂದ ಮುಂಬೈಗೆ ಹೊರಟಿತು. ಅಲ್ಲಿಗೆ ವಿಮಾನಗಳು ನಿಂತವು. ಮೈಲಿಗಳು ನಿಲ್ಲಲಿಲ್ಲ! ಆ ಯೋಜನೆ ಬೇರೆಯೇ ಕಂಪನಿಯ ಹೆಸರಿನಲ್ಲಿತ್ತಾದ್ದರಿಂದ ವರ್ಷ ಮುಗಿಯುವ ಮೊದಲೇ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಪುನರ್ಜನ್ಮ ತಾಳಿತು. ಹಾರಲು ವಿಮಾನವಿಲ್ಲದ ಮೈಲಿಯನ್ನು ಜನ ಆಮೇಲೂ ಎಣಿಸುತ್ತ ಕುಳಿತರು.

ಇನ್ನು ಭಾವನ ಯಾತ್ರೆ. ಚೌತಿಗೆ ಬಾ ಎಂದು ಅಜ್ಜಿ ಕರೆದರು. ಚೌತಿಯ ವಾರ ಪಾಯಿಂಟಿನ ಸೀಟಿಲ್ಲ. ದೀಪಾವಳಿಗೆ ಬಾ ಎಂದರು, ಇಲ್ಲ. ಮೇ ತಿಂಗಳಿನಲ್ಲಿ ಹಲಸಿನ ಹಣ್ಣಿನ ಹೊತ್ತಿಗಾದರೂ ಬಾ ಎಂದರು, ಇಲ್ಲ. ಜನ ಎಲ್ಲಿಗೆ, ಯಾವಾಗ ಹೋಗಬೇಕೆಂದು ಬಯಸುತ್ತಾರೋ ಅಲ್ಲಿಗೆ, ಆಗ ಬಿಟ್ಟಿ ಸೀಟು ಇರುವುದಿಲ್ಲ. ಇದೊಂದು ನಿಯಮವನ್ನು ಮಾತ್ರ ಯಾವ ಕಂಪನಿಯೂ ಎಂದೂ ಬದಲಾಯಿಸಿಲ್ಲ. ಕೊನೆಗೆ ಒಂದು ರಾತ್ರಿ ಎರಡೂಕಾಲು ಗಂಟೆಗೆ ಭಾವ ಅಕ್ಕನನ್ನು ಅಲುಗಿಸಿ ಎಬ್ಬಿಸಿದರು. ಎರಡು ಸೀಟು ಸಿಕ್ಕಿದ್ದವು. ಫೆಬ್ರುವರಿಯಲ್ಲಿ, ಫ್ರಾಂಕ್‌ಫರ್ಟ್ ಮೂಲಕ, ವಾರ್ಸಾಕ್ಕೆ.

“ಆ ಊರಿನಲ್ಲಿ ನಮ್ಮವರು ಯಾರಿದ್ದಾರೆ?” ಎಂದು ಅಜ್ಜಿ ಕೇಳಿದರು. ಫ್ರಾಂಕ್‌ಫರ್ಟಿನ ವಲಸೆ ಅಧಿಕಾರಿಯೂ ಹೆಚ್ಚುಕಡಿಮೆ ಅದನ್ನೇ ಕೇಳಿದನಂತೆ. ಈ ಚಳಿಯಲ್ಲಿ ಮೂರೇ ದಿನಕ್ಕೆ ಏಕೆ ಬಂದಿರಿ ಎಂಬ ಪ್ರಶ್ನೆಗೆ ಭಾವ, “ಸೀಟು ಇತ್ತು” ಎಂದು ಸತ್ಯವನ್ನೇ ನುಡಿದರಂತೆ. ವಿಮಾನದಲ್ಲಿ ಹಾಸಿಗೆ ಹಾಸಿ ಕೊಟ್ಟರೂ ಅವರು ಕಣ್ಣು ಮುಚ್ಚಲಿಲ್ಲ. ನಿದ್ದೆ ಮಾಡಿದರೆ ಊಟದ ಒಂದು ಸುತ್ತು ತಪ್ಪಿಹೋಗುತ್ತದೆ, ಪಾಯಿಂಟಿನ ಬೆಲೆ ಎರಡೂವರೆ ರೂಪಾಯಿಗೆ ಇಳಿಯುತ್ತದೆ! ವಾರ್ಸಾದಲ್ಲಿ ಹಿಮ ಬೀಳುವುದನ್ನು ಹೋಟೆಲಿನ ಕಿಟಕಿಯಿಂದ ನೋಡುತ್ತ ಮಾಟುಂಗದಿಂದ ಒಯ್ದ ಅವಲಕ್ಕಿ ತಿಂದು ಮೂರು ದಿನ ಕಳೆದರು. ಅಕ್ಕ ಮರಳಿ ಬಂದು ಕಾಲನಿರ್ಣಯ ಕ್ಯಾಲೆಂಡರಿನ ಹಾಳೆಯ ಹಿಂದೆ ‘ಬಿಟ್ಟಿ ಟಿಕೆಟಿನ ಖರ್ಚು’ ಎಂದು ಬರೆದಳು. ತೆರಿಗೆ, ಶುಲ್ಕ 46,000. ವೀಸಾ 20,000ದ ಹತ್ತಿರ. ಹೋಟೆಲ್ 24,000. ಕೋಟು 14,000 (ಡೊಂಬಿವಲಿಯಲ್ಲಿ ಅದನ್ನು ಇನ್ನು ಹಾಕುವವರು ಯಾರು?). ಇತರೆ 10,000. ಅದೇ ಹಾಳೆಯ ಕೆಳತುದಿಯಲ್ಲಿ ಇಬ್ಬರೂ ಮಂಗಳೂರಿಗೆ ದುಡ್ಡು ಕೊಟ್ಟೇ ಹೋಗಿಬಂದಿದ್ದರೆ 22,400 ಎಂದು ಬರೆದು, ಏನೂ ಹೇಳದೆ, ಹಾಳೆಯನ್ನು ದೇವರ ಪಟದ ಪಕ್ಕ ಸಿಕ್ಕಿಸಿದಳು.

ಉಳಿದ 21,000 ಪಾಯಿಂಟಿನ ಸುದ್ದಿ ಮುಂದಿನ ತಿಂಗಳು ಈಮೇಲಿನಲ್ಲಿ ಬಂತು. ‘ಸದಸ್ಯರ ಅನುಭವವನ್ನು ಇನ್ನಷ್ಟು ಉತ್ತಮಪಡಿಸುವ ಸಲುವಾಗಿ’ ಎಂದು ಅದು ಶುರುವಾಗುತ್ತಿತ್ತು. ಉತ್ತಮಪಡಿಸುತ್ತೇವೆ ಎಂದು ಯಾರಾದರೂ ಬರೆದರೆ ಮೊದಲು ಕಿಸೆ ಮುಟ್ಟಿ ನೋಡಿಕೊಳ್ಳಬೇಕು. ಮಂಗಳೂರಿನ 8,000 ಪಾಯಿಂಟ್ ಈಗ 13,500 ಆಗಿತ್ತು. ಇರುವ ಪಾಯಿಂಟ್ ಮಾರ್ಚ್ 31ಕ್ಕೆ ತೀರಿಹೋಗುತ್ತಿತ್ತು. ದಂಪತಿಗೆ ಸಾಲದು, ಒಬ್ಬರಿಗೆ ಹೆಚ್ಚು. ಭಾವ ಎರಡು ದಿನ ಊಟ ಬಿಟ್ಟು, ಕಡೆಯ ದಿನ ರಾತ್ರಿ ಹನ್ನೊಂದೂವರೆಗೆ ಯೋಜನೆಯ ಅಂಗಡಿಯಲ್ಲಿ ಪೂರ್ತಿ 21,000 ಪಾಯಿಂಟ್ ಕೊಟ್ಟು ಒಂದು ನೀಲಿ ಟ್ರಾಲಿ ಬ್ಯಾಗು ಕೊಂಡರು. ಅಂಥದ್ದೇ ಬ್ಯಾಗು ಡೊಂಬಿವಲಿ ಸ್ಟೇಷನ್ನಿನ ಹೊರಗೆ 2,500 ರೂಪಾಯಿಗೆ ತೂಗುತ್ತಿರುತ್ತದೆ. ಪಾಯಿಂಟಿಗೆ 12 ಪೈಸೆ. ಈ ಸಾಲು ಎಕ್ಸೆಲ್‌ನಲ್ಲಿ ಇಲ್ಲ.

ಆ ಬ್ಯಾಗು ಹಿಡಿದು ಏಪ್ರಿಲಿನಲ್ಲಿ ಭಾವ, ಅಕ್ಕ, ನಾನು ಥಾಣೆ ಸ್ಟೇಷನ್ನಿನಲ್ಲಿ ಮತ್ಸ್ಯಗಂಧ ರೈಲು ಹತ್ತಿದೆವು. ಸ್ಟೇಷನ್ನಿನ ಮೆಟ್ಟಿಲಿನಲ್ಲಿಯೇ ಅದರ ಒಂದು ಗಾಲಿ ಕಳಚಿ ಉರುಳಿಹೋಗಿತ್ತು. ಮಗುವನ್ನು ಎತ್ತಿಕೊಂಡಂತೆ ಭಾವ ಅದನ್ನು ಎತ್ತಿಕೊಂಡೇ ಬಂದರು. ಬೆಳಗ್ಗೆ ಕುಂದಾಪುರದಲ್ಲಿ ಇಳಿದು ಮನೆ ಮುಟ್ಟಿದಾಗ ಅಜ್ಜಿ ಜಗಲಿಯಲ್ಲಿ ಕಾಯುತ್ತಿದ್ದರು. ಮಗನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಹಣೆ, ಕೆನ್ನೆ, ಕುತ್ತಿಗೆಯನ್ನು ಬೆರಳಿನಿಂದ ಸವರಿ ನೋಡಿದರು.

“ಮೈಲಿ ಇಳಿಯಿತೇ?”

“ಎಲ್ಲವೂ ಇಳಿಯಿತಮ್ಮ.”

“ಹಾಗಾದರೆ ಇನ್ನು ಒಗ್ಗರಣೆ ಹಾಕಬಹುದು” ಎಂದು ಅಜ್ಜಿ ಸೊಂಟ ಹಿಡಿದುಕೊಂಡು ಒಳಗೆ ಹೋದರು. ಸಾಸಿವೆ ಸಿಡಿಯುವ ಹೊತ್ತಿಗೆ ಭಾವ ಜಗಲಿಯಲ್ಲಿ ಕುಳಿತು, ರೈಲ್ವೆ ಟಿಕೆಟಿಗೆ ಪಾಯಿಂಟ್ ಕೊಡುವ ಕಾರ್ಡಿನ ಅರ್ಜಿಯನ್ನು ಮೊಬೈಲಿನಲ್ಲಿ ಅರ್ಧ ತುಂಬಿದ್ದರು.